ದಾರ ಕಟ್ಟಿದ ಪಿಪೆಟ್ಟು

ನಿಂಗಾಜಮ್ಮನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ಗಾಜಿನಲ್ಲಿ. ಅದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು — ಗೊತ್ತಿದ್ದೂ ಆ ಗಾಜನ್ನು ಅವಳಿಗೆ ಕೊಟ್ಟವಳು ನಾನು. ನಿನ್ನ ಕೈಯೇ ಸರಿಯಿಲ್ಲ ಎಂದು ಅವಳಿಗೆ ಹೇಳಿದವಳೂ ನಾನೇ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನನ್ನ ಕ್ರೈಸ್ತ ಗೆಳತಿಯರು ಶನಿವಾರ ಸಂಜೆ ಕನ್ಫೆಷನ್‌ಗೆ, ಮಾಡಿದ ಪಾಪ ಒಪ್ಪಿಕೊಳ್ಳಲು, ಸಾಲು ನಿಲ್ಲುತ್ತಿದ್ದರು. ನಾನು ಆ ಸಾಲಿನವಳಲ್ಲ; ಚಾಪೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಅವರ ಪುಸ್ತಕಗಳನ್ನು ಕಾಯುತ್ತಿದ್ದೆ. ಒಳಗೆ ಹೋಗುವಾಗ ಒಂದು ಮುಖ, ಹೊರಗೆ ಬರುವಾಗ ಇನ್ನೊಂದು. ಎಷ್ಟು ಸುಲಭ ಅಂದುಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ — ಅವರು ಹೇಳುತ್ತಿದ್ದುದು ಕೇಳಬೇಕಾದವರಿಗಲ್ಲ, ಪರದೆಯ ಆಚೆಗಿದ್ದ ಪಾದ್ರಿಗೆ. ನಾನು ಹೇಳಬೇಕಾದವಳು ಹನೂರಿನಲ್ಲಿದ್ದಾಳೆ.

ಕೊಳ್ಳೇಗಾಲ ಮದ್ರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹತ್ತು-ಹನ್ನೆರಡು ವರ್ಷ ಆಗಿದ್ದ ಕಾಲ ಅದು. ಅಲ್ಲಿಯ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್, ಲ್ಯಾಬಿನಲ್ಲಿ ಪ್ರಯೋಗ ಕಲಿಸುವವಳು. ವಾರವೆಲ್ಲ ಅಲ್ಲೇ ರೂಮು, ಭಾನುವಾರ ಎಳಂದೂರಿನ ನಮ್ಮ ಮನೆ. ಲ್ಯಾಬಿನ ಕಿಟಕಿಯ ಆಚೆ ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆಗಳಿದ್ದವು. ಗೂಡು ಬೇಯಿಸುವ ಆ ವಾಸನೆ — ಸತ್ತ ಹುಳದ, ಬಿಸಿನೀರಿನ ವಾಸನೆ — ನಮ್ಮ ಆಸಿಡ್ ವಾಸನೆಯ ಜೊತೆ ಬೆರೆತು ಸೀರೆಗೆ ಅಂಟಿಕೊಳ್ಳುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಸೈನ್ಸಿಗೆ ಹೆಣ್ಣುಮಕ್ಕಳು ಬರುತ್ತಿದ್ದುದೇ ಅಪರೂಪ. ಊರಾಚೆಯ ಕೇರಿಗಳಿಂದಂತೂ ಯಾರೂ ಬಂದಿರಲಿಲ್ಲ. ಬಂದರೂ ಕನ್ನಡವೋ ಚರಿತ್ರೆಯೋ ತೆಗೆದುಕೊಂಡು ಟೀಚರ್ ಟ್ರೈನಿಂಗಿಗೆ ಹೋಗಿಬಿಡುತ್ತಿದ್ದರು. ನನಗಿನ್ನೂ ಇಪ್ಪತ್ತಾರು. ಏನಾದರೂ ಮಾಡಬೇಕು ಅನ್ನುವ ಹುಚ್ಚು. ಪಿ.ಯು.ಸಿ.ಯಲ್ಲಿ ಮಾಂಬಳ್ಳಿಯ ನಿಂಗಾಜಮ್ಮ ಎಂಬ ಹುಡುಗಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ ಎಂದು ಕೇಳಿದ್ದೇ ತಡ, ಬಸ್ಸು ಹತ್ತಿ ಅವಳ ಕೇರಿಗೆ ಹೋದೆ. ನಮ್ಮ ಮನೆತನದ ಹೆಂಗಸು ಆ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲಿರಬೇಕು; ನನಗೆ ಅದರ ಜಂಬವೂ ಇತ್ತು — ಮುಚ್ಚಿಡುವುದೇಕೆ.

ಅವಳ ಅಪ್ಪ ಮಾದಯ್ಯ ಕಬ್ಬಿನ ಗದ್ದೆಯ ಕೂಲಿ. ಜಗಲಿಯ ಮೇಲೆ ಚಾಪೆ ಹಾಸಿ ತಾನು ಕೆಳಗೆ ನಿಂತ.

"ಎಣ್ಮಗೀಗೆ ಗಾಜಿನ ಕೆಲ್ಸ ಕಲಿಸ್ತೀರಂತಲ್ಲ ಮಿಸ್ಸಮ್ಮ," ಅಂದ. "ಬಳೆ ತೊಡ್ಸೋದಾ?"

ಒಳಗಿನಿಂದ ಅವಳು ನಕ್ಕಳು. ಮುಖ ಕಾಣುವ ಮೊದಲೇ ನಗು ಕೇಳಿಸಿತು. ಆಮೇಲೆ ಒಂದು ಶೀಷೆ ಹಿಡಿದುಕೊಂಡು ಹೊರಗೆ ಬಂದಳು. ಅದರಲ್ಲಿ ಅವರ ಕೇರಿಯ ಬಾವಿಯ ನೀರು. ಊರಿನ ಬಾವಿ ಅವರಿಗಿರಲಿಲ್ಲ, ಅವರ ಬಾವಿಯದು ಉಪ್ಪುಪ್ಪಾದ ಸವುಳು ನೀರು.

"ಇದ್ರಲ್ಲಿ ಏನದೆ ಅಂತ ನಿಮ್ ಲ್ಯಾಬ್ನಲ್ಲಿ ಗೊತ್ತಾಯ್ತದಾ ಮಿಸ್?"

"ಆಗುತ್ತೆ. ನೀನೇ ಕಂಡುಹಿಡೀಬಹುದು."

ಅಷ್ಟೇ ಮಾತು. ಅವಳು ಬಿ.ಎಸ್ಸಿ.ಗೆ ಸೇರಿದಳು. ನೀರು ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬಿನಲ್ಲಿ ಕೆಲಸ ಮಾಡಬೇಕು, ಕೇರಿ ಕೇರಿಯ ಬಾವಿಯ ನೀರು ತಂದು ನೋಡಬೇಕು — ಅದೊಂದೇ ಆಸೆ. ಅದಕ್ಕೆ ಡಿಗ್ರಿ ಬೇಕು, ಡಿಗ್ರಿಗೆ ಪ್ರಾಕ್ಟಿಕಲ್ ಪಾಸಾಗಬೇಕು. ನಾನಿದ್ದೇನಲ್ಲ ಎಂದು ಮಾದಯ್ಯನಿಗೆ ಹೇಳಿ ಬಂದೆ.

ಕೆಮಿಸ್ಟ್ರಿ ಓದದವರಿಗಾಗಿ ಒಂದು ವಿಷಯ ಹೇಳಬೇಕು. ಪಿಪೆಟ್ಟು ಎಂದರೆ ನಡುವೆ ಹೊಟ್ಟೆ ಉಬ್ಬಿದ ಉದ್ದನೆಯ ಗಾಜಿನ ಕೊಳವೆ. ತುದಿಯನ್ನು ದ್ರಾವಣದಲ್ಲಿ ಅದ್ದಿ, ಮೇಲಿನ ಬಾಯಿಗೆ ನಮ್ಮ ಬಾಯಿಟ್ಟು ಉಸಿರೆಳೆಯಬೇಕು. ನೀರು ಗೆರೆಯ ತನಕ ಏರಿದೊಡನೆ ತಟ್ಟನೆ ಬೆರಳು ಮುಚ್ಚಬೇಕು. ಗೆರೆಯ ತನಕ ಬಂದರೆ ಸರಿಯಾಗಿ ಇಪ್ಪತ್ತು ಸಿ.ಸಿ. ಆ ಕಾಲದಲ್ಲಿ ಎಲ್ಲರೂ ಬಾಯಿಂದಲೇ ಎಳೆಯುತ್ತಿದ್ದೆವು.

ಬಾಯಿಂದ. ಅಲ್ಲೇ ಶುರುವಾದದ್ದು.

ಹುಡುಗಿಯರ ಬ್ಯಾಚಿನಲ್ಲಿ ಆರು ಜನ, ಇಬ್ಬರಿಗೊಂದು ಪಿಪೆಟ್ಟು. ಎರಡನೆಯ ವಾರ ಅಕ್ಕಿ ಗಿರಣಿಯವರ ಮಗಳು ಗೌರಾಂಬ ನನ್ನ ಮೇಜಿನ ಹತ್ತಿರ ಬಂದು, ಬಹಳ ವಿನಯದಿಂದ, ದನಿ ತಗ್ಗಿಸಿ ಹೇಳಿದಳು. "ನಮಗೇನೂ ಇಲ್ಲ ಮಿಸ್. ಮನೇಲಿ ಅಮ್ಮಂಗೆ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ. ಅವಳು ಬಾಯಿಟ್ಟಿದ್ದನ್ನ ನಾವು ಹೇಗೆ…"

ಎಂಜಲು ಅನ್ನುವ ಮಾತನ್ನು ಅವಳು ಆಡಲಿಲ್ಲ. ನಾನೂ ಆಡಲಿಲ್ಲ. ಗಾಜನ್ನು ಆಸಿಡ್ಡಿನಲ್ಲಿ ತೊಳೆದರೆ ಯಾರ ಬಾಯೂ ಅದರಲ್ಲಿ ಉಳಿಯುವುದಿಲ್ಲ, ಸುಮ್ಮನೆ ಹೋಗಿ ಕೆಲಸ ಮಾಡು — ಈ ಒಂದು ವಾಕ್ಯ ಸಾಕಿತ್ತು. ಆದರೆ ನನಗೆ ಗಲಾಟೆ ಬೇಡವಾಗಿತ್ತು. ಡಿಸ್ಕ್ರೀಷನ್ ಎಂದು ನಮ್ಮ ಸಿಸ್ಟರ್‌ಗಳು ಕಲಿಸಿದ್ದರಲ್ಲ — ಯಾರಿಗೂ ನೋವಾಗದ ಹಾಗೆ, ಯಾರಿಗೂ ಗೊತ್ತಾಗದ ಹಾಗೆ. ನಿಂಗಾಜಮ್ಮನಿಗೆ ಅವಮಾನ ಆಗಬಾರದು, ಗೌರಾಂಬ ಕಾಲೇಜು ಬಿಡಬಾರದು. ಆದ್ದರಿಂದ ನಿಂಗಾಜಮ್ಮನಿಗೆ ಬೇರೆಯೇ ಒಂದು ಪಿಪೆಟ್ಟು.

ಬೇರೆ ಪಿಪೆಟ್ಟು ಎಲ್ಲಿತ್ತು? ಕೆಟ್ಟ ಸಾಮಾನು ಹಾಕುವ ಡ್ರಾಯರಿನಲ್ಲಿ ಒಂದಿತ್ತು. ಅದನ್ನು ಅಲ್ಲಿಗೆ ಹಾಕಿದವಳು ನಾನೇ. ಹೊಸದಾಗಿ ಬಂದಾಗ ನೀರು ತುಂಬಿಸಿ ತೂಗಿ ನೋಡಿದ್ದೆ. ಗೆರೆಯೇ ತಪ್ಪು ಜಾಗದಲ್ಲಿತ್ತು. ಇಪ್ಪತ್ತು ಅನ್ನುತ್ತಿತ್ತು, ಹಿಡಿಯುತ್ತಿದ್ದುದು ಹತ್ತೊಂಬತ್ತು ಪಾಯಿಂಟ್ ನಾಲ್ಕು.

ಅದನ್ನೇ ತೆಗೆದೆ. ಬೇರೆಯವುಗಳ ಜೊತೆ ಬೆರೆಯಬಾರದೆಂದು ಅಟೆಂಡರ್ ಚಿನ್ನಸ್ವಾಮಿಗೆ ಒಂದು ಗುರುತು ಮಾಡಲು ಹೇಳಿದೆ. ಅವನು ಪಕ್ಕದ ಕೊಟ್ಟಿಗೆಯಿಂದ ಹಳದಿ ರೇಷ್ಮೆಯ ಎಳೆ ತಂದು ಅದರ ಕತ್ತಿಗೆ ಸುತ್ತಿದ.

"ಕಟ್ದೆ ಮಿಸ್. ಗಾಜಿಗೂ ಉಡ್ದಾರ ಆಯ್ತು," ಅಂದ. ನಾನು ನಕ್ಕೆ.

ಎಳಂದೂರಿನ ನಮ್ಮ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಯ ಗೋಡೆಯ ಗೂಟಕ್ಕೆ ಒಂದು ಲೋಟ ಬೋರಲಾಗಿ ನೇತಾಡುತ್ತಿತ್ತು. ಗದ್ದೆಯ ಆಳುಗಳಿಗೆ ಅಜ್ಜಿ ಕಾಫಿ ಹೊಯ್ಯುತ್ತಿದ್ದುದು ಅದಕ್ಕೇ. ಚಿಕ್ಕಂದಿನಲ್ಲಿ ಆ ಲೋಟದ ಮೇಲೆ ಅಜ್ಜಿಯ ಜೊತೆ ನಾನು ಜಗಳವಾಡಿದ್ದೆ. ಆ ದಿನ ನಗುವಾಗ ಆ ಲೋಟ ನೆನಪಾಗಲಿಲ್ಲ.

ಮತ್ತೆ ಲೆಕ್ಕ? ಅದಕ್ಕೂ ಒಂದು ಉಪಾಯ ಹುಡುಕಿಕೊಂಡಿದ್ದೆ. ಪಿಪೆಟ್ಟು ಕಡಿಮೆ ಹಿಡಿದರೆ ಪ್ರಯೋಗದ ಕೊನೆಯ ಅಳತೆಯೂ ಅಷ್ಟೇ ಕಡಿಮೆ; ಎಲ್ಲರ ರೀಡಿಂಗ್ ಇಪ್ಪತ್ತು ಬಂದರೆ ಅವಳದು ಹತ್ತೊಂಬತ್ತು ಪಾಯಿಂಟ್ ನಾಲ್ಕು ಬರುತ್ತಿತ್ತು. ರೆಕಾರ್ಡ್ ತಿದ್ದುವಾಗ ಆ ಕೊರತೆಯನ್ನು ಮನಸ್ಸಿನಲ್ಲೇ ತುಂಬಿಕೊಂಡು ಪೂರ್ತಿ ಮಾರ್ಕು ಹಾಕಿಬಿಡುತ್ತಿದ್ದೆ. ಅದನ್ನು ಕೈಂಡ್‌ನೆಸ್ ಅಂದುಕೊಂಡಿದ್ದೆ. ಎರಡು ವರ್ಷ ಹಾಗೆಯೇ ನಡೆಯಿತು.

ಅವಳ ಕೈ ಎಂಥ ಕೈ! ಆಸಿಡ್ ತೊಟ್ಟಿಕ್ಕಿಸುವ ಬ್ಯೂರೆಟ್ಟಿನಿಂದ ಕೊನೆಯ ತೊಟ್ಟು ಬೀಳುವಾಗ ಅವಳು ಉಸಿರು ಬಿಡುತ್ತಿರಲಿಲ್ಲ. ಫ್ಲಾಸ್ಕಿನ ಗುಲಾಬಿ ಬಣ್ಣ ಒಂದೇ ತೊಟ್ಟಿಗೆ ಮಾಯ. ಬೇರೆಯವರದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಅವಳದು ಮೂರು ಸಲ ಮಾಡಿದರೆ ಮೂರು ಸಲವೂ ಒಂದೇ. ಅಷ್ಟು ಖಚಿತವಾಗಿ ತಪ್ಪಬೇಕಾದರೆ ಅಷ್ಟು ಅಕ್ಯುರೇಟ್ ಆದ ಕೈ ಬೇಕು — ಇದನ್ನು ನಾನೊಬ್ಬಳೇ ಬಲ್ಲೆ.

ಕೊನೆಯ ವರ್ಷ ಒಂದು ಮಧ್ಯಾಹ್ನ ಅವಳು ನೋಟ್‌ಬುಕ್ ಹಿಡಿದು ಬಂದಳು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಮಿಸ್, ನಂದು ಯಾವತ್ತೂ ಒಂದೇ ಅಷ್ಟು ಕಮ್ಮಿ ಬತ್ತದೆ. ಬ್ಯಾರೆಯವ್ರ ಪಿಪೆಟ್ನಲ್ಲಿ ಒಂದ್ಸಲ ಮಾಡಿ ನೋಡ್ಲಾ?"

ಅವಳು ಕಂಡುಹಿಡಿದುಬಿಟ್ಟಿದ್ದಳು. ಒಬ್ಬ ನಿಜವಾದ ಕೆಮಿಸ್ಟ್ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ನಾನು ಹೆಮ್ಮೆಪಡಬೇಕಾಗಿತ್ತು. ಆದರೆ ನಾನು ಲೆಕ್ಕ ಹಾಕಿದೆ. ಹೂಂ ಅಂದರೆ ಗೌರಾಂಬನ ಪಿಪೆಟ್ಟಿಗೆ ಇವಳು ಬಾಯಿಡಬೇಕು. ಆಮೇಲೆ, ಈ ಕೆಟ್ಟ ಪಿಪೆಟ್ಟು ಇವಳಿಗೇ ಯಾಕೆ ಬಂತು ಅನ್ನುವುದನ್ನು ನಾನು ಹೇಳಬೇಕು.

"ತಪ್ಪು ನಿನ್ನ ಕೈಯಲ್ಲಿದೆ, ನಿಂಗಾಜಿ. ಗಾಜಿನಲ್ಲಲ್ಲ."

ನನ್ನ ಬಾಯಿಂದ ಬಂದ ಮಾತು. ಆಡಿ ಮುಗಿಸಿದ ಮೇಲೆ ಅದು ಲ್ಯಾಬಿನ ಗಾಜುಗಳ ನಡುವೆ ಎಲ್ಲೋ ನಿಂತ ಹಾಗಾಯಿತು — ಕೆಳಗೆ ಬೀಳಲೇ ಇಲ್ಲ. ಅವಳು ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ಬೇರೆ ಯಾರದೋ ಕೈ ನೋಡುವ ಹಾಗೆ.

ಪರೀಕ್ಷೆಯ ಬೆಳಿಗ್ಗೆ ಟ್ರೇಯಲ್ಲಿ ಎಲ್ಲರ ಪಿಪೆಟ್ಟುಗಳನ್ನೂ ಜೋಡಿಸಿದ್ದೆವು. ದಾರ ಕಟ್ಟಿದ್ದು ಕೊನೆಯಲ್ಲಿತ್ತು. ಬದಲಾಯಿಸಬಹುದಾಗಿತ್ತು, ಸ್ಟೋರಿನಲ್ಲಿ ಹೊಸತೊಂದು ಇತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಆದರೆ ಹೊಸ ಪಿಪೆಟ್ಟು ಅವಳ ಬಾಯಿ ಮುಟ್ಟಿದ ಮೇಲೆ ಮುಂದಿನ ಬ್ಯಾಚಿನಲ್ಲಿ ಅದನ್ನು ಯಾರು ಮುಟ್ಟುತ್ತಾರೆ ಎಂದು ಯೋಚಿಸಿದೆ. ಹೌದು — ಇದನ್ನೇ ಯೋಚಿಸಿದೆ. ಬೇರೆ ಏನಾದರೂ ಕಾರಣ ಬರೆಯೋಣವೆಂದು ಪೆನ್ನು ಹಿಡಿದು ತುಂಬ ಹೊತ್ತು ಕುಳಿತೆ. ಬೇರೆ ಕಾರಣ ಇಲ್ಲ.

ಮೈಸೂರಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಅವಳ ಉತ್ತರಪತ್ರಿಕೆ ನೋಡಿದರು. ಮೂರು ರೀಡಿಂಗ್. ಮೂರೂ ಹತ್ತೊಂಬತ್ತು ಪಾಯಿಂಟ್ ನಾಲ್ಕು. ಒಂದು ತೊಟ್ಟನ್ನೂ ಸೇರಿಸಿ ಬರೆದಿರಲಿಲ್ಲ ಹುಡುಗಿ.

"ಮೂರು ಸಲವೂ ತಪ್ಪು. ಕೈಯೇ ಸರಿಯಿಲ್ಲವಲ್ಲಮ್ಮ ಇವಳದು. ನೀವೇ ಟ್ರೈನ್ ಮಾಡಿದ್ದಾ?"

ನಾನು ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಸರ್, ಪಿಪೆಟ್ಟು ಸರಿಯಿಲ್ಲ — ಮೂರೇ ಮಾತು.

"ಹಳ್ಳಿಯಿಂದ ಬಂದವಳು ಸರ್," ಅಂದೆ.

ಅವರು ತಲೆಯಾಡಿಸಿ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಅವಳು ಫೇಲಾದ ರಿಸಲ್ಟ್ ಬಂದ ಮೇಲೆ ಮಾದಯ್ಯ ಬಂದ. ಮತ್ತೆ ಪರೀಕ್ಷೆ ಕಟ್ಟಬಹುದಾ ಎಂದು ಕೇಳಲು ಬಂದಿದ್ದನೇನೋ. ವರಾಂಡದ ಕೆಳಗೆ ನಿಂತು, "ನಮ್ ಕೂಸಿನ ಕೈ ಸರಿಲ್ವಂತಲ್ಲ ಮಿಸ್ಸಮ್ಮ. ದಿಟವಾ?" ಅಂದ.

ನಾನು ನೆಲ ನೋಡಿದೆ. ಅವನಿಗೆ ಅಷ್ಟು ಸಾಕಾಯಿತು. "ಬುಡಿ. ದೇವ್ರು ಕೊಟ್ಟಿದ್ದು," ಎಂದು ಹೊರಟುಹೋದ.

ಆಮೇಲಿನದನ್ನು ಹೇಗೆ ಹೇಳುವುದೋ ತಿಳಿಯದು. ನಾನು ಸೈನ್ಸ್ ಓದಿದವಳು, ದೆವ್ವ ಭೂತ ನಂಬಿದವಳಲ್ಲ. ಅದಲ್ಲದೆ ನಿಂಗಾಜಮ್ಮ ಬದುಕಿದ್ದಳು, ಊರಿನಲ್ಲಿ ಕಬ್ಬಿನ ಸೋಗೆ ಕಟ್ಟುತ್ತಿದ್ದಳು. ಬದುಕಿದ್ದವರು ಕಾಡುತ್ತಾರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ವರ್ಷದ ತರಗತಿ ಶುರುವಾದ ಮೇಲೆ ಒಂದು ಮಟಮಟ ಮಧ್ಯಾಹ್ನ ಚಿನ್ನಸ್ವಾಮಿ ಪೊರಕೆ ಹಿಡಿದುಕೊಂಡೇ ಲ್ಯಾಬಿನಿಂದ ಹೊರಗೆ ಬಂದು ನಿಂತ.

"ಒಳ್ಗೆ ಯಾರೋ ಉಸ್ರು ಎಳ್ಕತಾವ್ರೆ ಮಿಸ್."

"ಗಾಳಿ ಇರಬೇಕು ಚಿನ್ನಸ್ವಾಮಿ."

"ಗಾಳಿ ಆದ್ರೆ ಬತ್ತದೆ, ಓಯ್ತದೆ. ಇದು ಎಳ್ಕತದೆ ಕಣ್ರಿ. ಬುಡಾಕಿಲ್ಲ."

ಅವನನ್ನು ಗದರಿಸಿ ನಾನೇ ಒಳಗೆ ಹೋದೆ. ಬಿಸಿಲು ಮೇಜುಗಳ ಮೇಲೆ ಅಲುಗಾಡದೆ ಬಿದ್ದಿತ್ತು. ಕಿಟಕಿಯ ಆಚೆ ನೂಲಿನ ರಾಟೆ ಕೂಡ ನಿಂತಿತ್ತು. ಆಗ ಕೇಳಿಸಿತು. ಗಾಜಿನ ಕೊಳವೆಯೊಳಗಿಂದ ಉಸಿರು ಮೇಲೇರುವ ಸದ್ದು — ಸಣ್ಣಗೆ, ಉದ್ದಕ್ಕೆ, ಬಹಳ ಜಾಗರೂಕತೆಯಿಂದ. ಗೆರೆಯ ತನಕ ಬಂದು ನಿಂತ ಹಾಗೆ ನಿಂತಿತು. ಮುಂದೆ ಉಸಿರು ಬಿಡಬೇಕಲ್ಲ, ನಾನು ಕಾದೆ. ಬಿಡಲಿಲ್ಲ. ನನ್ನ ಉಸಿರೂ ಎದೆಯಲ್ಲೇ ನಿಂತು, ಕಣ್ಣು ಕತ್ತಲಾಗುವ ತನಕ ಅಲ್ಲೇ ನಿಂತಿದ್ದೆ.

ಡ್ರಾಯರು ತೆಗೆದೆ. ದಾರ ಕಟ್ಟಿದ ಪಿಪೆಟ್ಟು ಅಲ್ಲಿತ್ತು. ಅದನ್ನು ಯಾರೂ ಮುಟ್ಟಿ ತಿಂಗಳುಗಳಾಗಿದ್ದವು. ಮೇಲಿನ ಬಾಯಿಯ ಸುತ್ತ ತೆಳ್ಳಗೆ ಹಬೆ ಕಟ್ಟಿತ್ತು, ಕನ್ನಡಿಗೆ ಊದಿದರೆ ಕಟ್ಟುವ ಹಾಗೆ. ನೋಡನೋಡುತ್ತಿದ್ದಂತೆ ಅದು ಆರಿತು.

ಆ ಸಂಜೆ ಪಿಪೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ರೂಮಿಗೆ ತಂದೆ. ಒಡೆದು ಹಾಕಬೇಕೆಂದೇ ತಂದದ್ದು. ಆಗಲಿಲ್ಲ.

ಮೂರು ವರ್ಷದ ಮೇಲೆ, ಅವಳನ್ನು ಹನೂರಿನ ಕಡೆಗೆ ಕೊಟ್ಟಿದ್ದಾರೆಂದು ತಿಳಿದು, ಧೈರ್ಯ ಮಾಡಿ ಹೋದೆ. ಕೈಚೀಲದಲ್ಲಿ ಟವೆಲು ಸುತ್ತಿದ ಪಿಪೆಟ್ಟು. ಎಲ್ಲ ಹೇಳಿಬಿಡುತ್ತೇನೆ, ಇದನ್ನು ಅವಳ ಮುಂದೆಯೇ ತೂಗಿ ತೋರಿಸುತ್ತೇನೆ ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ.

ಹೋದಾಗ ಮನೆಯ ಮುಂದಿನ ಕಣದಲ್ಲಿ ರಾಗಿ ಅಳೆಯುತ್ತಿದ್ದರು. "ಲಾಭ… ಎರಡು… ಮೂರು…" ಎಂದು, ಒಂದರ ಬದಲು ಲಾಭ ಅನ್ನುತ್ತ, ಅವಳ ಮೈದುನ ಕೊಳಗ ತುಂಬುತ್ತಿದ್ದ. ಮನೆಯ ಹೆಂಗಸರೆಲ್ಲ ರಾಶಿಯ ಸುತ್ತ. ನಿಂಗಾಜಮ್ಮ ಒಬ್ಬಳೇ ದೂರ, ಬೇಲಿಯ ಹತ್ತಿರ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

ಯಾಕೆ ಎಂದು ನಾನು ಕೇಳುವ ಮೊದಲೇ ಅವಳ ಅತ್ತೆ ಹೇಳಿದಳು, ಸಿಟ್ಟಿಲ್ಲದೆ, ಮಳೆ ಬೆಳೆಯ ವಿಷಯ ಹೇಳುವ ಹಾಗೆ. "ಅವ್ಳ ಕೈ ಕಾಳ್ ಮ್ಯಾಲೆ ಬೀಳ್ಬಾರ್ದು ಕಣವ್ವ. ಅಳ್ದಿದ್ದು ಕಮ್ಮಿ ಆಯ್ತದೆ. ಕಾಲೇಜ್ನೋರೇ ಏಳಿ ಕಳ್ಸವ್ರಂತೆ. ಬಾಳ ಒಳ್ಳೆ ಎಣ್ಣು, ಕೈಯೊಂದು ಅಂಗೆ."

ಕಣದಲ್ಲಿ ಎಣಿಸುವ ದನಿ ನಡೆದೇ ಇತ್ತು. ನನ್ನ ಒಂದು ಮಾತು ಕೊಳ್ಳೇಗಾಲದಿಂದ ಮಾಂಬಳ್ಳಿಗೆ ಹೋಗಿ, ಮಾಂಬಳ್ಳಿಯಿಂದ ಇಲ್ಲಿಗೆ ನಡೆದುಕೊಂಡು ಬಂದು, ನನಗಿಂತ ಮೊದಲೇ ತಲುಪಿ ಕುಳಿತಿತ್ತು.

ಅವಳು ನನ್ನನ್ನು ನೋಡಿ ಓಡಿ ಬಂದಳು. ಮುಖದ ತುಂಬ ಅದೇ ನಗು. ಕುಡಿಯಲು ನೀರು ತಂದಾಗ ಚೊಂಬನ್ನು ನನ್ನ ಕೈಗೆ ಕೊಡಲಿಲ್ಲ. ಜಗಲಿಯ ಮೇಲಿಟ್ಟು ಹಿಂದೆ ಸರಿದಳು. ಕುಡಿದೆ. ಖಾಲಿ ಚೊಂಬು ಎತ್ತಿಕೊಳ್ಳುತ್ತ ಕೇಳಿದಳು.

"ಆ ದಾರ ಕಟ್ಟಿದ್ ಪಿಪೆಟ್ ಇನ್ನೂ ಅದಾ ಮಿಸ್?"

ಚೀಲ ನನ್ನ ತೊಡೆಯ ಮೇಲಿತ್ತು.

"ದಾರ ಯಾಕ್ ಕಟ್ಸಿದ್ರಿ ಅಂತ ನಂಗೊತ್ತಿತ್ತು. ಉಟ್ಟಿದಾಗಿಂದ ನೋಡಿರೋದೇ ಅಲ್ವಾ. ಆದ್ರೂ ನಂಗೇ ಅಂತ ಒಂದು ಮಡಗಿದ್ರಲ್ಲ, ಕಲ್ತ್ಕೊ ಅಂತ ಕೊಟ್ರಲ್ಲ — ಅಷ್ಟ್ ಸಾಕು ಅನ್ಕಂಡಿದ್ದೆ." ತನ್ನ ಅಂಗೈ ನೋಡಿಕೊಂಡಳು. "ನೀವು ಸರಿಯಾಗೇ ಕೊಟ್ರಿ. ನನ್ ಕೈಯೇ ಇಡೀಲಿಲ್ಲ."

"ಒಡೆದುಹೋಯಿತು," ಅಂದೆ.

ಎದ್ದೆ. ಬಸ್ಸಿಗೆ ಹೊತ್ತಾಯಿತು ಅಂದೆ. ಅವಳು ಬೇಲಿಯ ತನಕ ಬಂದಳು. ನಾನು ರಸ್ತೆಗೆ ತಿರುಗಿದ ಮೇಲೆ, ಬಯಲಿನಲ್ಲಿ ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ, ನನ್ನ ಕಂಕುಳಿನ ಚೀಲದೊಳಗಿಂದ ಆ ಸದ್ದು ಬಂತು. ಉದ್ದಕ್ಕೆ ಎಳೆದುಕೊಂಡ ಉಸಿರು. ಗೆರೆಯ ತನಕ.

ಅದಾದ ಮೇಲೆ ನಾನು ಬಹಳ ಒಳ್ಳೆಯವಳಾಗಿ ಬದುಕಿದೆ. ಕೇರಿಗಳಿಂದ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಫೀಸು, ಪುಸ್ತಕ, ಹಾಸ್ಟೆಲ್ ಸೀಟು ಎಲ್ಲಕ್ಕೂ ಓಡಾಡಿದೆ. ಲ್ಯಾಬಿನಲ್ಲಿ ಎಲ್ಲರೂ ಒಂದೇ ಪಿಪೆಟ್ಟು ಮುಟ್ಟಬೇಕೆಂದು ರೂಲ್ ಮಾಡಿದೆ. ಮಾಡಿದಾಗ ಒಬ್ಬರೂ ಕಾಲೇಜು ಬಿಡಲಿಲ್ಲ. ಒಬ್ಬರೂ! ಜನ ನನ್ನನ್ನು ಹೊಗಳಿದರು. ಪ್ರತಿ ಹೊಗಳಿಕೆಯ ನಡುವೆಯೂ ನಾನು ಆ ಉಸಿರು ಹೊರಬೀಳುವುದನ್ನೇ ಕಾಯುತ್ತಿದ್ದೆ.

ಹೋದ ತಿಂಗಳು ಮೂವರು ಹುಡುಗಿಯರು ಎಳಂದೂರಿನ ಮನೆಗೆ ಬಂದಿದ್ದರು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿ ಸೈನ್ಸ್ ಓದುತ್ತಿರುವ ಹೆಣ್ಣುಮಕ್ಕಳಿಗೆ ಏನೋ ಸಮಾರಂಭವಂತೆ. ಆ ಕಾಲದಲ್ಲಿ ನಾನು ಹೇಗೆ ಬೆಂಬಲ ಕೊಟ್ಟೆ ಎಂದು ಮಾತನಾಡಬೇಕಂತೆ. ಅವರಲ್ಲಿ ಒಬ್ಬಳು ಹನೂರಿನ ಕಡೆಯವಳು, ಕೆಮಿಸ್ಟ್ರಿ ಎಂ.ಎಸ್ಸಿ. ನಿಂಗಾಜಮ್ಮ ಗೊತ್ತಾ ಎಂದು ಕೇಳಿದೆ.

"ನಿಂಗಾಜಜ್ಜಿನಾ? ನಮ್ ಬೀದಿನೇ ಮಿಸ್. ಗಟ್ಟಿಯಾಗವ್ರೆ." ಆಮೇಲೆ ಸ್ವಲ್ಪ ನಕ್ಕಳು. "ಕಾಲೇಜ್ ಓದ್ದೋರು ಪಾಪ. ಆದ್ರೆ ಅವ್ರ ಕೈಲಿ ಯಾರೂ ಏನೂ ಅಳಿಸಲ್ಲ. ನಮ್ಮವ್ವ ಅಂತೂ ಹಾಲು ಕೂಡ ಅಳಿಸಲ್ಲ."

"ನೀನು?"

ಅವಳು ತಲೆ ತಗ್ಗಿಸಿದಳು. "ಸುಮ್ನೆ ಯಾಕೆ ಅಂತ… ನಾನೂ ಅಳಿಸಲ್ಲ ಮಿಸ್."

ಅವರು ಹೋದ ಮೇಲೆ ಬೀರು ತೆಗೆದು, ಸೀರೆಗಳ ಕೆಳಗಿಂದ ಪಿಪೆಟ್ಟನ್ನು ತೆಗೆದೆ. ರೇಷ್ಮೆಯ ಎಳೆ ಇನ್ನೂ ಹಳದಿಯಾಗಿಯೇ ಇದೆ. ಬಾಯಿಯ ಸುತ್ತ ಹಬೆ ಇದೆ. ಈಗ ಆರುವುದಿಲ್ಲ.

ಸರಿಯಾಗಿರುವ ಇನ್ನೊಂದು ಪಿಪೆಟ್ಟನ್ನೂ ಒಂದು ಪುಟ್ಟ ತಕ್ಕಡಿಯನ್ನೂ ಮೈಸೂರಿನಿಂದ ತರಿಸಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಹನೂರಿನ ಬಸ್ಸು ಹತ್ತುತ್ತೇನೆ. ಆ ಹುಡುಗಿಗೂ ಬಂದು ನಿಲ್ಲಲು ಹೇಳಿದ್ದೇನೆ, ಅವಳ ಅವ್ವನಿಗೂ. ಬೀದಿಯವರೆಲ್ಲ ಇರಲಿ. ಈ ಬರಹವನ್ನು ಅವರ ಮುಂದೆಯೇ ಓದುತ್ತೇನೆ. ಓದಿ ಆದ ಮೇಲೆ ತಕ್ಕಡಿಯನ್ನು ನಿಂಗಾಜಮ್ಮನ ಮುಂದಿಡುತ್ತೇನೆ. ಎರಡರಲ್ಲೂ ಅವಳೇ ನೀರು ಅಳೆಯಲಿ, ಅವಳೇ ತೂಗಲಿ. ಆಮೇಲೆ ಅವಳು ಏನು ಹೇಳುತ್ತಾಳೋ, ಹೇಳದೆ ಎದ್ದು ಒಳಗೆ ಹೋಗುತ್ತಾಳೋ — ಅದು ಅವಳದು. ಸಮಾರಂಭಕ್ಕೆ ನಾನು ಹೋಗಬೇಕೇ ಬೇಡವೇ ಎಂದು ಹೇಳಬೇಕಾದವಳೂ ಅವಳೇ.

ಮೊದಲು ಒಂದು ಕೆಲಸವಿದೆ. ಆ ಕೆಟ್ಟ ಪಿಪೆಟ್ಟಿಗೆ ಅವಳ ಮುಂದೆ, ಅವಳು ಬಾಯಿಟ್ಟಿದ್ದಲ್ಲೇ, ನಾನು ಬಾಯಿಡಬೇಕು. ಅವಳು ಬಾಯಿಟ್ಟ ಮೇಲೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಇಟ್ಟಿಲ್ಲ.